ವರ್ಷದ ಕಾರು, ವಾರದ ಹಾಡು: ಅಂಕ ಕೊಡುವವರಿಗೆ ನನ್ನ ಅಂಕ

ನನ್ನ ಕಾರಿನ ಹಿಂದಿನ ಗಾಜಿನ ಮೂಲೆಯಲ್ಲಿ ಬಂಗಾರದ ಬಣ್ಣದ ಗುಂಡನೆಯ ಸ್ಟಿಕರ್ ಒಂದಿತ್ತು. ‘ವರ್ಷದ ಕಾರು’ ಅಂತ. ಕಾರು ಮನೆಗೆ ಬಂದ ದಿನ ಅದನ್ನು ನೋಡಿ ತುಂಬಾ ಹೆಮ್ಮೆಪಟ್ಟಿದ್ದೆ. ಆರು ವರ್ಷ ಓಡಿಸಿದ ಮೇಲೆ ಹೋದ ತಿಂಗಳು ಅದನ್ನು ಉಗುರಿನಲ್ಲಿ ಕೆರೆದು ತೆಗೆದೆ. ಬಿಸಿಲಿಗೆ ಒಣಗಿ ಹೋಗಿತ್ತು, ಚೂರು ಚೂರಾಗಿ ಬಂತು. ಗೋಂದು ಮಾತ್ರ ಇನ್ನೂ ಗಾಜಿನ ಮೇಲೆ ಗುಂಡಗೆ ಕೂತಿದೆ.

ಆ ಕಾರನ್ನು ಈಗ ಮಾರುತ್ತಿದ್ದೇನೆ. ಹೊಸದು ನೋಡಬೇಕು. ಹಾಗಾಗಿ ಮತ್ತೆ ಅವಾರ್ಡು, ಸ್ಟಾರ್ ರೇಟಿಂಗು ಎಲ್ಲವನ್ನೂ ಹರಡಿಕೊಂಡು ಕೂತಿದ್ದೇನೆ. ಈ ಸಲ ಒಂದು ಕೆಲಸ ಮೊದಲೇ ಮಾಡಿದೆ. ಕಾರುಗಳನ್ನು ನೋಡುವ ಮುಂಚೆ, ಕಾರುಗಳಿಗೆ ಅಂಕ ಕೊಡುವವರನ್ನು ನೋಡಿದೆ. ಅವರು ಏನನ್ನು ಎಣಿಸುತ್ತಾರೆ, ಯಾವಾಗ ಎಣಿಸುತ್ತಾರೆ, ಎಣಿಸಿದ್ದನ್ನು ನಮಗೆ ತೋರಿಸುತ್ತಾರಾ ಇಲ್ವಾ ಅಂತ. ಹಾಡಿನ ಪಟ್ಟಿಗಳನ್ನೂ ಜೊತೆಗೆ ಸೇರಿಸಿಕೊಂಡೆ. ಪಟ್ಟಿಯ ಹುಚ್ಚು ನನಗೆ ಹತ್ತಿದ್ದೇ ಅಲ್ಲಿಂದ.

ಶಾಲೆಗೆ ಹೋಗುತ್ತಿದ್ದಾಗ ರೇಡಿಯೋದಲ್ಲಿ ವಾರಕ್ಕೊಮ್ಮೆ ಟಾಪ್ 20 ಬರುತ್ತಿತ್ತು. ಇಪ್ಪತ್ತರಿಂದ ಶುರು ಮಾಡಿ ಒಂದಕ್ಕೆ ಇಳಿಯುತ್ತಿದ್ದರು. ನಾನು ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಏರಿದ ಹಾಡಿಗೆ ಹಸಿರು ಬಾಣ, ಇಳಿದದ್ದಕ್ಕೆ ಕೆಂಪು, ಹೊಸದಾಗಿ ಬಂದಿದ್ದರೆ ಒಂದು ನಕ್ಷತ್ರ. ಆ ನೋಟ್‌ಬುಕ್ ಇನ್ನೂ ಇದೆ. ಮೊನ್ನೆ ತೆಗೆದು ನೋಡಿದೆ. ಆರು ವಾರ ತುದಿಯಲ್ಲಿ ಕೂತಿದ್ದ ಒಂದು ಹಾಡಿನ ಹೆಸರು ಓದಿದರೆ ರಾಗವೇ ನೆನಪಾಗಲಿಲ್ಲ. 17ಕ್ಕಿಂತ ಮೇಲೆ ಒಂದು ಸಲವೂ ಏರದ ಇನ್ನೊಂದು ಹಾಡನ್ನು ಅಮ್ಮ ಇವತ್ತಿಗೂ ಬಟ್ಟೆ ಮಡಚುವಾಗ ಗುನುಗುತ್ತಾರೆ. ಹಾಗಂತ ಪಟ್ಟಿ ಸುಳ್ಳು ಹೇಳಿತು ಅಂತಲ್ಲ. ಆ ವಾರ ಯಾವುದು ಜಾಸ್ತಿ ಓಡಿತು ಅನ್ನುವುದನ್ನು ಅದು ಹೇಳಿತ್ತು. ಯಾವುದು ಉಳಿಯುತ್ತದೆ ಅಂತ ನಾನು ಅದರ ಹತ್ತಿರ ಕೇಳುತ್ತಿದ್ದೆ.

ಹಾಡಿನ ಚಾರ್ಟು ಶುರುವಾದ ರೀತಿ ನನಗೆ ತುಂಬಾ ಇಷ್ಟ. ಬ್ರಿಟನ್ನಿನ ಮೊದಲ ಸಿಂಗಲ್ಸ್ ಪಟ್ಟಿ, ಅಂದರೆ ಬಿಡಿಯಾಗಿ ಮಾರುವ ಹಾಡುಗಳ ಪಟ್ಟಿ, ಬಂದದ್ದು 1952ರ ನವೆಂಬರ್ 14ರಂದು, ಒಂದು ಸಂಗೀತ ಪತ್ರಿಕೆಯಲ್ಲಿ. ಆ ಪತ್ರಿಕೆಯ ಪರ್ಸಿ ಡಿಕಿನ್ಸ್ ಸುಮಾರು 20 ಅಂಗಡಿಗಳಿಗೆ ಫೋನ್ ಮಾಡಿ, ಯಾವ ರೆಕಾರ್ಡು ಚೆನ್ನಾಗಿ ಹೋಗುತ್ತಿದೆ ಅಂತ ಕೇಳಿ ಕೂಡಿಸಿದರು. ಟಾಪ್ 12 ಮಾಡಲು ಹೊರಟದ್ದು. ಸಮ ಸಮ ಬಂದ ಹಾಡುಗಳಿದ್ದವಲ್ಲ, ಪಟ್ಟಿಯಲ್ಲಿ 15 ಹಾಡು ಆದವು. ಅಷ್ಟೇ ವಿಷಯ. ಒಂದು ಫೋನು, ಒಂದು ಪೆನ್ಸಿಲ್ಲು. ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನಲ್ಲಿ ಮೊದಲು ಅಂಗಡಿ ಮಾರಾಟಕ್ಕೆ ಒಂದು, ರೇಡಿಯೋಗೆ ಒಂದು, ಕಾಸು ಹಾಕಿ ಹಾಡು ಕೇಳುವ ಜ್ಯೂಕ್‌ಬಾಕ್ಸ್‌ಗೆ ಒಂದು ಅಂತ ಬೇರೆ ಬೇರೆ ಪಟ್ಟಿ ಇದ್ದವು. 1958ರ ಆಗಸ್ಟ್ 4ರಂದು ಹಾಟ್ 100 ಬಂತು. ಮಾರಾಟ ಮತ್ತು ರೇಡಿಯೋ ಎರಡನ್ನೂ ಸೇರಿಸಿ ಒಂದೇ ಪಟ್ಟಿ. ಸೇರಿಸಿದ ಕೂಡಲೇ ಒಂದು ಪ್ರಶ್ನೆ ಬಂತು. ಒಬ್ಬರು ದುಡ್ಡು ಕೊಟ್ಟು ಕೊಂಡದ್ದಕ್ಕೂ ಇನ್ನೊಬ್ಬರು ರೇಡಿಯೋದಲ್ಲಿ ಸುಮ್ನೆ ಕೇಳಿದ್ದಕ್ಕೂ ತೂಕ ಎಷ್ಟೆಷ್ಟು? ಅವತ್ತಿನಿಂದ ಇವತ್ತಿನವರೆಗೂ ಚಾರ್ಟಿನ ಗಲಾಟೆಯೆಲ್ಲ ಇದೊಂದೇ.

1991ರಲ್ಲಿ ಆದದ್ದನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಅಲ್ಲಿಯವರೆಗೆ ಅಂಗಡಿಯವರು ಬಾಯಿಮಾತಿನಲ್ಲಿ ಹೇಳಿದ್ದೇ ಲೆಕ್ಕ. ಕೌಂಟರಿನಲ್ಲಿ ನಿಂತವರಿಗೆ ಯಾವುದು ಹೋಗುತ್ತಿದೆ ಅನ್ನಿಸಿತೋ ಅದನ್ನು ಹೇಳುತ್ತಿದ್ದರು. ಆ ವರ್ಷ ಸೌಂಡ್‌ಸ್ಕ್ಯಾನ್ ಬಂತು. ಬಿಲ್ ಹಾಕುವಾಗ ಬಾರ್‌ಕೋಡ್ ಓದಿ, ಮಾರಿದ್ದನ್ನು ಮಾರಿದ ಹಾಗೆ ಎಣಿಸಿದರು. ಮೇ ತಿಂಗಳಲ್ಲಿ ಆಲ್ಬಮ್ ಪಟ್ಟಿಗೆ, ನವೆಂಬರಿನಲ್ಲಿ ಹಾಟ್ 100ಗೆ. ನೋಡಿದರೆ ಅಮೆರಿಕದ ಹಳ್ಳಿ ಸೊಗಡಿನ ಕಂಟ್ರಿ ಮತ್ತು ರ‍್ಯಾಪ್ ಆಲ್ಬಮ್‌ಗಳು ದಡದಡ ಮೇಲೆ ಬಂದವು. ಒಂದು ವಾರದಲ್ಲಿ ಜನರ ರುಚಿ ಬದಲಾಗಲಿಲ್ಲ, ಅಲ್ವಾ? ಜನ ಮೊದಲಿನಿಂದಲೂ ಕೊಳ್ಳುತ್ತಿದ್ದರು. ಎಣಿಸುವವರ ಕಣ್ಣಿಗೆ ಬಿದ್ದಿರಲಿಲ್ಲ. ಎಷ್ಟು ಹಾಡುಗಾರರು ಹೀಗೆ ಲೆಕ್ಕಕ್ಕೇ ಬಾರದೆ ಹೋದರೋ ಅಂತ ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಇನ್ನೂ ವಿಚಿತ್ರ ನಿಯಮಗಳಿದ್ದವು. 1998ರ ಡಿಸೆಂಬರ್‌ವರೆಗೆ, ಅಂಗಡಿಯಲ್ಲಿ ಸಿಂಗಲ್ ಆಗಿ ಮಾರದ ಹಾಡಿಗೆ ಹಾಟ್ 100ರಲ್ಲಿ ಜಾಗವೇ ಇರಲಿಲ್ಲ. ನೋ ಡೌಟ್ ತಂಡದ ‘ಡೋಂಟ್ ಸ್ಪೀಕ್’ ರೇಡಿಯೋ ಪಟ್ಟಿಯಲ್ಲಿ 16 ವಾರ ಮೊದಲ ಸ್ಥಾನದಲ್ಲಿತ್ತು. ಹಾಟ್ 100ರಲ್ಲಿ ಹುಡುಕಿದರೆ 100ನೇ ಸಾಲಿನಲ್ಲೂ ಇಲ್ಲ. ಎಲ್ಲರ ಬಾಯಲ್ಲೂ ಇದ್ದ ಹಾಡು, ದೊಡ್ಡ ಪಟ್ಟಿಯ ಪಾಲಿಗೆ ಹುಟ್ಟಲೇ ಇಲ್ಲ. ಮರಾಯಾ ಕೇರಿಯ ಕ್ರಿಸ್‌ಮಸ್ ಹಾಡಿನದ್ದು ಇದಕ್ಕೆ ಉಲ್ಟಾ. ಬಂದದ್ದು 1994ರಲ್ಲಿ, ಹಾಟ್ 100ರಲ್ಲಿ ನಂಬರ್ ಒನ್ ಆದದ್ದು 2019ರಲ್ಲಿ. ಸ್ಟ್ರೀಮಿಂಗ್ ಬಂದ ಮೇಲೆ, ಜನ ಪ್ರತಿ ಡಿಸೆಂಬರಿನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದದ್ದು ಲೆಕ್ಕಕ್ಕೆ ಸಿಕ್ಕಿತು. ಹಾಡು ಹಳೆಯದೇ. ತಕ್ಕಡಿ ಹೊಸದು.

ಹೊಸ ತಕ್ಕಡಿಯಲ್ಲೂ ತೊಂದರೆ ಇದೆ. ನನ್ನ ಮಗಳು ಮತ್ತು ಅವಳ ಸ್ನೇಹಿತೆಯರು ತಮ್ಮ ಮೆಚ್ಚಿನ ಬ್ಯಾಂಡಿನ ಹೊಸ ಹಾಡು ಬಂದ ರಾತ್ರಿ ಮಲಗುವುದಿಲ್ಲ. ಮೂರು ಫೋನು ಚಾರ್ಜಿಗೆ ಹಾಕಿ, ಸೌಂಡ್ ಕಡಿಮೆ ಮಾಡಿ ಓಡಿಸುತ್ತಿರುತ್ತಾರೆ. ಒಂದೇ ಹಾಡನ್ನು ಸತತವಾಗಿ ಹಾಕಬಾರದಂತೆ. ನಡುವೆ ಬೇರೆ ಎರಡು ಹಾಡು ಹಾಕಿ ಮತ್ತೆ ಇದಕ್ಕೆ ಬರಬೇಕಂತೆ. ಯಾರ ಪಾಳಿ ಯಾವಾಗ ಅಂತ ಗೋಡೆಗೆ ಚೀಟಿ ಅಂಟಿಸಿದ್ದಳು. ಬೆಳಗಿನ ಜಾವ ನಾಲ್ಕು ಗಂಟೆಗೆ ನಾನು ನೀರು ಕುಡಿಯಲು ಎದ್ದಾಗ ಕತ್ತಲಲ್ಲಿ ಮೂರು ಪರದೆ ಮಿಣಮಿಣ ಅನ್ನುತ್ತಿದ್ದವು. ಕೇಳುವವರು ಯಾರೂ ಇಲ್ಲ, ಹಾಡು ಮಾತ್ರ ಓಡುತ್ತಿದೆ. ಅವಳ ಪ್ರೀತಿ ನಿಜ. ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಅವಳು ಕೇಳದೇ ಓಡಿಸಿದ್ದೂ, ಅಮ್ಮನಂಥವರು ಕಣ್ಣು ಮುಚ್ಚಿ ಕೇಳಿದ್ದೂ ಪಟ್ಟಿಯಲ್ಲಿ ಒಂದೇ ಸಂಖ್ಯೆ.

ಚಾರ್ಟಿನವರಿಗೂ ಇದೆಲ್ಲ ಗೊತ್ತು. ಬ್ರಿಟನ್ನಿನಲ್ಲಿ 2014ರಿಂದ ಸ್ಟ್ರೀಮ್ ಎಣಿಸಲು ಶುರು ಮಾಡಿದರು. 2017ರ ಮಾರ್ಚ್‌ನಲ್ಲಿ ಎಡ್ ಶೀರನ್ ಆಲ್ಬಮ್ ಬಂದಾಗ ಟಾಪ್ 20ರಲ್ಲಿ 16 ಹಾಡು ಅವರದ್ದೇ. ಜನ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ್ದು ಹದಿನಾರು ಹಿಟ್ ಆಗಿ ಕಾಣಿಸಿತು. ಅದೇ ವರ್ಷ ಒಬ್ಬ ಮುಖ್ಯ ಗಾಯಕರಿಗೆ ಮೂರೇ ಹಾಡು ಅಂತ ಮಿತಿ ಹಾಕಿದರು. ಬಿಲ್‌ಬೋರ್ಡ್ 2018ರಿಂದ ಚಂದಾ ಕಟ್ಟಿ ಕೇಳಿದ ಸ್ಟ್ರೀಮಿಗೆ ಪುಕ್ಕಟೆ ಸ್ಟ್ರೀಮಿಗಿಂತ ಜಾಸ್ತಿ ತೂಕ ಕೊಡುತ್ತಿದೆ. ತಪ್ಪು ಕಂಡರೆ ತಿದ್ದುತ್ತಾರೆ, ತಿದ್ದಿದ್ದನ್ನು ಹೇಳುತ್ತಾರೆ. ಅದಕ್ಕೆ ಹಾಡಿನ ಚಾರ್ಟಿಗೆ ನಾನು ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದೂವರೆ ಕಳೆದದ್ದು ಯಾಕೆ ಅಂದರೆ, ‘ಅತಿ ಹೆಚ್ಚು ವಾರ ನಂಬರ್ ಒನ್’ ಅಂತ 1965ರ ಹಾಡನ್ನೂ 2019ರ ಹಾಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾರಲ್ಲ, ಅದಕ್ಕೆ. ಬೇರೆ ಬೇರೆ ಅಳತೆಪಟ್ಟಿಯಲ್ಲಿ ಅಳೆದ ಎತ್ತರಗಳು ಅವು.

ಅಮೆರಿಕದ ಸಂಗೀತ ಪ್ರಶಸ್ತಿ ಗ್ರ್ಯಾಮಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1959ರಲ್ಲಿ ಮೊದಲ ಸಲ ಕೊಟ್ಟರು. ಜನರ ವೋಟು ಅಲ್ಲ, ಅದನ್ನು ಕೊಡುವ ಅಕಾಡೆಮಿಯ ಸದಸ್ಯರಾದ ಸಂಗೀತದವರೇ ವೋಟು ಹಾಕುತ್ತಾರೆ. ‘ವರ್ಷದ ರೆಕಾರ್ಡ್’ ಬೇರೆ, ‘ವರ್ಷದ ಹಾಡು’ ಬೇರೆ ಅಂತ ನನಗೆ ಎಷ್ಟೋ ವರ್ಷ ಗೊತ್ತಿರಲಿಲ್ಲ. ಮೊದಲನೆಯದು ಹಾಡಿದವರಿಗೆ ಮತ್ತು ರೆಕಾರ್ಡಿಂಗ್ ಮಾಡಿದವರಿಗೆ. ಎರಡನೆಯದು ಬರೆದವರಿಗೆ. ಬರೆದವರನ್ನು ವೇದಿಕೆಗೆ ಕರೆದು ನಿಲ್ಲಿಸುತ್ತಾರಲ್ಲ, ಅದೊಂದಕ್ಕೆ ನನ್ನ ಪೂರ್ತಿ ಮೆಚ್ಚುಗೆ. 1990ರಲ್ಲಿ ಹೊಸ ಕಲಾವಿದರ ಪ್ರಶಸ್ತಿಯನ್ನು ಮಿಲಿ ವನಿಲಿ ಜೋಡಿಗೆ ಕೊಟ್ಟು, ರೆಕಾರ್ಡಿನಲ್ಲಿ ಇದ್ದದ್ದು ಅವರ ದನಿಯೇ ಅಲ್ಲ ಅಂತ ಗೊತ್ತಾಗಿ ವಾಪಸ್ ಪಡೆದರು. ವಾಪಸ್ ಪಡೆದದ್ದು ಸರಿ. ಹಾಡಿದವರು ಯಾರು ಅಂತ ಕೊಡುವ ಮುಂಚೆ ಕೇಳಬೇಕಿತ್ತು.

ಇನ್ನು ಕಾರು.

ನನ್ನ ಕಾರಿಗೆ ಅವಾರ್ಡ್ ಕೊಟ್ಟವರ ಹೆಸರು ಹೇಳುವುದಿಲ್ಲ. ಕಾರು ಕೊಳ್ಳುವಾಗ ಶೋರೂಮಿನ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಅವರ ಸರ್ಟಿಫಿಕೇಟು ಇತ್ತು. ದೊಡ್ಡ ಅಕ್ಷರ ಓದಿದೆ, ಸಹಿ ಹಾಕಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು ಅಂತ ನೋಡಿದ್ದು ಮೊದಲ ಸರ್ವಿಸಿಗೆ ಹೋದಾಗ. ಆ ಅವಾರ್ಡ್ ಬಂದದ್ದು ನನ್ನ ಮಾಡೆಲ್‌ಗೆ ಅಲ್ಲ. ಅದೇ ಹೆಸರಿನ, ದೊಡ್ಡ ಎಂಜಿನ್ನಿನ, ತುದಿಯ ಮಾಡೆಲ್‌ಗೆ. ಅದರ ಸಸ್ಪೆನ್ಷನ್ ಬೇರೆ, ಬ್ರೇಕ್ ಬೇರೆ. ಸ್ಟಿಕರ್ ಮಾತ್ರ ಎಲ್ಲದಕ್ಕೂ ಒಂದೇ.

ಕಾರು ಕೆಟ್ಟದ್ದು ಅಂತ ಹೇಳಿದರೆ ತಪ್ಪಾಗುತ್ತದೆ. ಪಿಕಪ್ ಚೆನ್ನಾಗಿತ್ತು, ಸ್ಟಿಯರಿಂಗ್ ಬೆಣ್ಣೆ ಹಾಗೆ. ಜ್ಯೂರಿಯವರು ಎರಡು ದಿನ ಓಡಿಸಿದಾಗ ಅವರಿಗೆ ಸಿಕ್ಕಿದ್ದು ಇದೇ ಖುಷಿ. ಎರಡು ದಿನದಲ್ಲಿ ಸಿಗದ್ದು ನನಗೆ ಆರು ವರ್ಷದಲ್ಲಿ ಸಿಕ್ಕಿತು. ಏಸಿಗೆ ಒಂದು ಗುಂಡಿ ಇಲ್ಲ, ತಿರುಗಿಸುವ ನಾಬ್ ಇಲ್ಲ, ಎಲ್ಲ ಟಚ್‌ಸ್ಕ್ರೀನ್. ಮಳೆಯ ರಾತ್ರಿ ಗಾಜು ಮಸುಕಾದರೆ ರಸ್ತೆಯಿಂದ ಕಣ್ಣು ತೆಗೆದು ಪರದೆಯಲ್ಲಿ ಎರಡು ಕಡೆ ಒತ್ತಬೇಕು. ಬೆರಳು ಒದ್ದೆಯಾಗಿದ್ದರೆ ಅದು ಕೇಳುವುದೇ ಇಲ್ಲ. ಹಿಂದಿನ ಸೀಟಿನಲ್ಲಿ ಅಮ್ಮನ ಮಂಡಿ ಮುಂದಿನ ಸೀಟಿಗೆ ತಾಗುತ್ತಿತ್ತು. ದೂರದ ಪ್ರಯಾಣದಲ್ಲಿ ಅವರು ಕಾಲು ಓರೆ ಮಾಡಿ ಕೂರುತ್ತಿದ್ದರು, ಕೇಳಿದರೆ ‘ಏನಿಲ್ಲ, ಸರಿಯಾಗಿದೆ’ ಅನ್ನುತ್ತಿದ್ದರು. ಮೂರನೇ ವರ್ಷ ಡಿಕ್ಕಿಯ ಬಾಗಿಲು ಗಡಗಡ ಅನ್ನಲು ಶುರುವಾಯಿತು. ಕೊನೆಗೆ ಒಂದು ರಬ್ಬರ್ ಚೂರನ್ನು ನಾನೇ ಸಿಕ್ಕಿಸಿ ಸುಮ್ಮನಾಗಿಸಿದೆ.

ಹೊಸ ಕಾರಿಗೆ ಹೊಸದರಲ್ಲೇ ಕೊಡುವ ಅವಾರ್ಡಿನ ಕಷ್ಟ ಇದು, ಹಳೆಯ ಕಷ್ಟ. ಅಮೆರಿಕದ ಮೋಟಾರ್ ಟ್ರೆಂಡ್ ಪತ್ರಿಕೆ 1949ರಿಂದ ವರ್ಷದ ಕಾರನ್ನು ಆರಿಸುತ್ತಿದೆ. 1971ರಲ್ಲಿ ಅವರು ಆರಿಸಿದ್ದು ಷೆವರ್ಲೆ ವೇಗಾ. ಆಮೇಲೆ ಅದು ಹೆಸರಾದದ್ದು ಬಿಸಿಯಾಗಿ ಕೆಡುವ ಎಂಜಿನ್ನಿಗೆ ಮತ್ತು ತುಕ್ಕಿಗೆ. ಆರಿಸಿದ ದಿನ ತುಕ್ಕು ಇರಲಿಲ್ಲ.

ಹಾಗಂತ ಜ್ಯೂರಿ ಅವಾರ್ಡುಗಳೆಲ್ಲ ಒಂದೇ ಅಲ್ಲ. 1964ರಿಂದ ನಡೆಯುತ್ತಿರುವ ಯುರೋಪಿನ ವರ್ಷದ ಕಾರು ಪ್ರಶಸ್ತಿಯ ನಿಯಮ ಓದಿದರೆ ಗೌರವ ಹುಟ್ಟುತ್ತದೆ. ಕೊನೆಯ ಸುತ್ತಿಗೆ ಬಂದ ಕಾರುಗಳಿಗೆ ಹಂಚಲು ಪ್ರತಿ ಪತ್ರಕರ್ತರ ಕೈಯಲ್ಲಿ 25 ಅಂಕ. ಒಂದು ಕಾರಿಗೆ 10ಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ. ಕಡಿಮೆ ಅಂದರೂ ಐದು ಕಾರಿಗೆ ಹಂಚಬೇಕು. ಮೊದಲ ಸ್ಥಾನಕ್ಕೆ ಎರಡನ್ನು ಸಮ ಮಾಡುವ ಹಾಗಿಲ್ಲ. ಯಾರು ಎಷ್ಟು ಕೊಟ್ಟರು, ಯಾಕೆ ಕೊಟ್ಟರು ಅನ್ನುವುದನ್ನು ಹೆಸರಿನ ಸಮೇತ ಪ್ರಕಟಿಸುತ್ತಾರೆ. 2019ರಲ್ಲಿ ಜಾಗ್ವಾರ್ ಐ-ಪೇಸ್ ಮತ್ತು ಆಲ್ಪೀನ್ ಎ110 ಎರಡಕ್ಕೂ 250 ಅಂಕ ಬಂತು. ಜಾಸ್ತಿ ಜ್ಯೂರಿಗಳು ಮೊದಲ ಸ್ಥಾನಕ್ಕೆ ಹಾಕಿದ್ದು ಜಾಗ್ವಾರನ್ನು, ಹಾಗಾಗಿ ಅದು ಗೆದ್ದಿತು. ಒಂದು ಎಲೆಕ್ಟ್ರಿಕ್ ಎಸ್‌ಯುವಿ, ಇನ್ನೊಂದು ಎರಡು ಸೀಟಿನ ಹಗುರ ಸ್ಪೋರ್ಟ್ಸ್ ಕಾರು. ಎರಡನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿಸಿದ್ದು ನನಗೆ ಒಪ್ಪಿಗೆಯಿಲ್ಲ. ಆದರೆ ಪ್ರತಿಯೊಬ್ಬರ ಕಾರಣವನ್ನೂ ಓದಬಹುದು. ನನ್ನ ಹಾಗೇ ಯೋಚಿಸುವ ಒಬ್ಬ ಜ್ಯೂರಿ ಸಿಕ್ಕಿದರೆ, ಅವರು ಯಾರಿಗೆ ಕಡಿಮೆ ಅಂಕ ಕೊಟ್ಟರು ಅಂತ ನೋಡಿದರೆ ಸಾಕು. ಗೆದ್ದ ಕಾರಿನ ಹೆಸರಿಗಿಂತ ಅದು ಉಪಯೋಗಕ್ಕೆ ಬರುತ್ತದೆ. ಇದಕ್ಕೆ ನಾಲ್ಕು.

ತೋರಿಸದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಜರ್ಮನಿಯ ಎಡಿಎಸಿ ನೋಡಬೇಕು. ಯುರೋಪಿನಲ್ಲೇ ದೊಡ್ಡ ವಾಹನ ಸಂಘ ಅದು. ಓದುಗರ ಮೆಚ್ಚಿನ ಕಾರಿಗೆ ಪ್ರಶಸ್ತಿ ಕೊಡುತ್ತಿದ್ದರು. 2014ರಲ್ಲಿ ಗೆದ್ದ ಫೋಕ್ಸ್‌ವ್ಯಾಗನ್ ಗಾಲ್ಫ್‌ಗೆ 34,299 ವೋಟು ಬಂತು ಅಂತ ಹೇಳಿದರು. ನಿಜಕ್ಕೂ ಬಂದದ್ದು 3,409. ಹತ್ತು ಪಟ್ಟು ಏರಿಸಿದ್ದರು. ಸ್ಥಾನಗಳನ್ನೂ ತಿದ್ದಿದ್ದರು. ಸಂಘದ ಅಧ್ಯಕ್ಷರೇ ರಾಜೀನಾಮೆ ಕೊಡಬೇಕಾಯಿತು, ಕಾರು ಕಂಪನಿಗಳು ಪ್ರಶಸ್ತಿ ವಾಪಸ್ ಮಾಡಿದವು. ನನಗೆ ಬೇಜಾರಾದದ್ದು ಆ 3,409 ಜನರನ್ನು ನೆನೆದು. ಅವರು ನಿಜವಾಗಿ ಕೂತು ಚೀಟಿ ತುಂಬಿದ್ದರು.

ಕಾರಿನ ಮಾಲೀಕರನ್ನು ಕೇಳಿ ಲೆಕ್ಕ ಹಾಕುವ ಅಮೆರಿಕದ ಜೆ.ಡಿ. ಪವರ್ ಕಂಪನಿಯ ಸಮೀಕ್ಷೆಗಳನ್ನು ನಾನು ಮೊದಲು ತಪ್ಪಾಗಿ ಓದುತ್ತಿದ್ದೆ. ಆರಂಭದ ಗುಣಮಟ್ಟದ ಸಮೀಕ್ಷೆ ಅಂದರೆ ಮೊದಲ 90 ದಿನದಲ್ಲಿ 100 ಕಾರಿಗೆ ಎಷ್ಟು ದೂರು ಅಂತ. ಮುರಿದದ್ದಷ್ಟೇ ಅಲ್ಲ, ಬಳಸಲು ಕಷ್ಟ ಅನ್ನಿಸಿದ್ದೂ ದೂರೇ. ನನ್ನ ಟಚ್‌ಸ್ಕ್ರೀನ್ ಇಲ್ಲಿ ಸಿಕ್ಕಿಬೀಳುತ್ತಿತ್ತು. ಡಿಕ್ಕಿಯ ಗಡಗಡ ತಪ್ಪಿಸಿಕೊಳ್ಳುತ್ತಿತ್ತು. ಬಾಳಿಕೆಯ ಸಮೀಕ್ಷೆ ಬೇರೆಯೇ ಇದೆ, ಮೂರು ವರ್ಷ ಹಳೆಯ ಕಾರುಗಳದ್ದು. ಕೊಳ್ಳುವವರು ನೋಡಬೇಕಾದ್ದು ಇದನ್ನು. ಇನ್ನೊಂದು ವಿಷಯ, ಗೆದ್ದ ಕಂಪನಿ ಆ ಪ್ರಶಸ್ತಿಯನ್ನು ಜಾಹೀರಾತಿನಲ್ಲಿ ಹಾಕಿಕೊಳ್ಳಬೇಕಾದರೆ ಲೈಸೆನ್ಸ್ ಶುಲ್ಕ ಕಟ್ಟಬೇಕು. ಸಮೀಕ್ಷೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಮ್ಮ ಕಣ್ಣಿಗೆ ಬೀಳುವ ಟ್ರೋಫಿಗಳು ಯಾವುವು ಅನ್ನುವುದು ಇದರಿಂದ ಗೊತ್ತಾಗುತ್ತದೆ. ಅಮೆರಿಕದ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ ಇನ್ನೊಂದು ದಾರಿ ಹಿಡಿದಿದೆ. ಜಾಹೀರಾತು ತೆಗೆದುಕೊಳ್ಳುವುದಿಲ್ಲ. ತಾವು ಯಾರು ಅಂತ ಹೇಳದೆ ಶೋರೂಮಿನಿಂದ ಕಾರು ಕೊಂಡು ಪರೀಕ್ಷೆ ಮಾಡುತ್ತಾರೆ. 2015ರ ಆಗಸ್ಟಿನಲ್ಲಿ ಅವರ ಲೆಕ್ಕದಲ್ಲಿ ಒಂದು ಟೆಸ್ಲಾ ಮಾಡೆಲ್ ಎಸ್‌ಗೆ ನೂರಕ್ಕೆ 103 ಬಂತು. ಅಳತೆಪಟ್ಟಿಯನ್ನೇ ತಿದ್ದಿ 100 ಕೊಟ್ಟರು. ಎರಡೇ ತಿಂಗಳಿಗೆ, ಮಾಲೀಕರು ಹೇಳಿದ ರಿಪೇರಿಗಳ ಲೆಕ್ಕ ಬಂದ ಮೇಲೆ, ಶಿಫಾರಸನ್ನು ಹಿಂತೆಗೆದುಕೊಂಡರು. ನೂರಕ್ಕೆ ನೂರು ಕೊಟ್ಟ ಕಾರಿನ ಬಗ್ಗೆ ಹಾಗೆ ಹೇಳಲು ಧೈರ್ಯ ಬೇಕು. ನಾಲ್ಕೂವರೆ.

ನನ್ನ ಪೂರ್ತಿ ಐದು, ಯುರೋಪಿನಲ್ಲಿ ಕಾರಿನ ಸುರಕ್ಷತೆ ಅಳೆಯುವ ಯುರೋ ಎನ್‌ಕ್ಯಾಪ್ ಸಂಸ್ಥೆಗೆ. ಇವರದ್ದು ಪ್ರಶಸ್ತಿ ಅಲ್ಲ, ಗುದ್ದಿಸಿ ನೋಡುವ ಪರೀಕ್ಷೆ. 1997ರಲ್ಲಿ ಮೊದಲ ಫಲಿತಾಂಶ ಬಂತು. ಆಗ ಜಾಸ್ತಿ ಅಂದರೆ ನಾಲ್ಕೇ ನಕ್ಷತ್ರ. ರೋವರ್ 100ಗೆ ಒಂದು ಸಿಕ್ಕಿತು, ಸ್ವಲ್ಪ ದಿನದಲ್ಲೇ ಆ ಕಾರು ನಿಂತೇಹೋಯಿತು. ಎಷ್ಟೋ ವರ್ಷ ಮುಖ್ಯ ಪರೀಕ್ಷೆ ಹೀಗಿತ್ತು: ಗಂಟೆಗೆ 64 ಕಿ.ಮೀ. ವೇಗದಲ್ಲಿ, ಕಾರಿನ ಮುಂಭಾಗದ ಶೇ. 40ರಷ್ಟು ಮಾತ್ರ ತಾಗುವ ಹಾಗೆ, ನಜ್ಜುಗುಜ್ಜಾಗುವ ತಡೆಗೆ ಗುದ್ದಿಸುವುದು. ಎದುರಿನಿಂದ ಬರುವ ವಾಹನ ನೆಟ್ಟಗೆ ಬಂದು ಗುದ್ದುವುದಿಲ್ಲ, ಒಂದು ಮಗ್ಗುಲು ಗುದ್ದುತ್ತದಲ್ಲ, ಅದಕ್ಕೆ. ವೀಡಿಯೋವನ್ನು ನಿಧಾನ ಮಾಡಿ ನೋಡಿ. ಬಾಗಿಲಿನ ಮುಂದಿನ ಕಂಬ ಹಿಂದಕ್ಕೆ ಬಾಗುತ್ತದಾ ಇಲ್ವಾ ಅಂತ ನೋಡಿ. ಒಳ್ಳೆಯ ಕಾರಿನಲ್ಲಿ ಮೂತಿ ಪೂರ್ತಿ ಹೋಗಿರುತ್ತದೆ, ಬಾಗಿಲು ಮಾತ್ರ ನೆಟ್ಟಗೆ ತೆರೆಯುತ್ತದೆ. ನಾನು ಹತ್ತು ಹನ್ನೆರಡು ವೀಡಿಯೋ ನೋಡಿದ ಮೇಲೆ ನಕ್ಷತ್ರ ನೋಡುವುದನ್ನೇ ಬಿಟ್ಟು ಆ ಕಂಬವನ್ನೇ ನೋಡುತ್ತಿದ್ದೆ.

ಇವರಿಗೆ ಪೂರ್ತಿ ಅಂಕ ಕೊಟ್ಟದ್ದು ನಿಯಮ ಬಿಗಿ ಮಾಡುತ್ತಾ ಹೋಗುವುದಕ್ಕೆ, ಮತ್ತು ಪ್ರತಿ ನಕ್ಷತ್ರದ ಪಕ್ಕ ವರ್ಷ ಬರೆಯುವುದಕ್ಕೆ. ಫಿಯೆಟ್ ಪುಂಟೋಗೆ 2005ರಲ್ಲಿ ಐದು ನಕ್ಷತ್ರ. ಸ್ವಲ್ಪ ತಿದ್ದಿ ತೀಡಿ ಅದೇ ಕಾರನ್ನು ಮಾರುತ್ತಲೇ ಇದ್ದರು. 2017ರಲ್ಲಿ ಮತ್ತೆ ಪರೀಕ್ಷೆ ಮಾಡಿದರೆ ಸೊನ್ನೆ. ಕಾರು ಹಾಳಾಗಲಿಲ್ಲ, ಸುತ್ತ ಇದ್ದವು ಮುಂದೆ ಹೋದವು. ರೆನೋ ಜೋಯಿ ಕಥೆ ಬೇರೆ. 2013ರಲ್ಲಿ ಐದು, 2021ರಲ್ಲಿ ಸೊನ್ನೆ. ಅಲ್ಲಿ ನಿಯಮವೂ ಬಿಗಿಯಾಗಿತ್ತು, ಜೊತೆಗೆ ತಲೆಯನ್ನೂ ಎದೆಯನ್ನೂ ಕಾಯುತ್ತಿದ್ದ ಪಕ್ಕದ ಏರ್‌ಬ್ಯಾಗ್ ತೆಗೆದು ಎದೆಯನ್ನಷ್ಟೇ ಕಾಯುವುದನ್ನು ಹಾಕಿದ್ದರು. ಹಳೆಯ ಐದು ನಕ್ಷತ್ರ ನೋಡಿ ಹೊಸ ಕಾರು ಕೊಂಡವರಿಗೆ ಇದು ಹೇಗೆ ಗೊತ್ತಾಗಬೇಕು? ಮತ್ತೆ ಗುದ್ದಿಸಿ ನೋಡಿದ್ದರಿಂದ ಗೊತ್ತಾಯಿತು. ಇನ್ನೊಂದು ಮಾತನ್ನು ಅವರೇ ಹೇಳುತ್ತಾರೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸಣ್ಣ ಕಾರಿನ ಐದು ನಕ್ಷತ್ರವನ್ನು ದೊಡ್ಡ ಕಾರಿನ ಐದರ ಜೊತೆ ಹೋಲಿಸಬಾರದು. ಸುಮಾರು ಅದೇ ತೂಕದ ಕಾರುಗಳ ನಡುವೆ ಮಾತ್ರ ಆ ಹೋಲಿಕೆ.

ಹೋದ ಶನಿವಾರ ಅಮ್ಮನನ್ನು ಕರೆದುಕೊಂಡು ಒಂದು ಶೋರೂಮಿಗೆ ಹೋಗಿದ್ದೆ. ಗೋಡೆಯಲ್ಲಿ ಮತ್ತೆ ಗಾಜಿನ ಚೌಕಟ್ಟು. ಹತ್ತಿರ ಹೋಗಿ ಕೆಳಗಿನ ಸಾಲು ಓದಿದೆ. ಪರೀಕ್ಷೆ ಮಾಡಿದ ಕಾರಿನಲ್ಲಿ ಇದ್ದ ಏರ್‌ಬ್ಯಾಗುಗಳು ನಾನು ನೋಡುತ್ತಿರುವ ಮಾಡೆಲ್‌ನಲ್ಲಿ ಇವೆಯಾ ಅಂತ ಕೇಳಿದೆ. ಅಲ್ಲಿದ್ದ ಹುಡುಗ ಒಳ್ಳೆಯವನು. ಗೊತ್ತಿಲ್ಲ ಅಂತ ಒಪ್ಪಿಕೊಂಡು ಒಳಗೆ ಹೋಗಿ ಯಾರಿಗೋ ಫೋನ್ ಮಾಡಿದ. ಅವನು ಬರುವವರೆಗೆ ಅಮ್ಮ ಹಿಂದಿನ ಸೀಟಿನಲ್ಲಿ ಅರ್ಧ ಗಂಟೆ ಕೂತರು. ಮಂಡಿಗೂ ಮುಂದಿನ ಸೀಟಿಗೂ ನಡುವೆ ನನ್ನ ಅಂಗೈ ಅಡ್ಡಕ್ಕೆ ಹಿಡಿಸಿತು. ಏಸಿಗೆ ನಾಬ್ ಇತ್ತು, ಹಿಡಿದು ತಿರುಗಿಸಿದೆ, ಟಕ್ ಟಕ್ ಅಂತ ನಿಲ್ಲುತ್ತಿತ್ತು. ಸ್ಪೀಕರ್ ನೋಡೋಣ ಅಂತ ಫೋನಿನಿಂದ ಆ 17ನೇ ನಂಬರಿನ ಹಾಡು ಹಾಕಿದೆ. ಅಮ್ಮ ಎರಡನೇ ಚರಣಕ್ಕೆ ದನಿ ಸೇರಿಸಿದರು. ಹುಡುಗ ಬಂದು, ಪಕ್ಕದ ಏರ್‌ಬ್ಯಾಗ್ ಮೇಲಿನ ಮಾಡೆಲ್‌ನಲ್ಲಿ ಮಾತ್ರ ಇದೆ ಅಂದ. ಸೋಮವಾರ ಇನ್ನೊಂದು ಕಾರು ನೋಡಲು ಹೋಗುತ್ತಿದ್ದೇವೆ.